ರಾಹುಕಾಲದ ಅಡ್ಮಿಷನ್

ಚಾಮರಾಜಪೇಟೆಯ ನಮ್ಮ ಪುಟ್ಟ ಆರ್ಟ್ಸ್ ಕಾಲೇಜಿನ ಎದುರಿಗೇ ದೊಡ್ಡದೊಂದು ಕಾಮರ್ಸ್ ಕಾಲೇಜಿದೆ. ಅಡ್ಮಿಷನ್ ದಿನಗಳಲ್ಲಿ ಅಲ್ಲಿನ ಸಾಲು ಬೀದಿಯ ತಿರುವಿನವರೆಗೂ ಬೆಳೆಯುತ್ತದೆ. ನಮ್ಮ ಗೇಟಿಗೆ ಬರುವವರು ಕೇಳುವುದು ಹೆಚ್ಚಾಗಿ ಒಂದೇ ಮಾತು: "ಮೇಡಂ, ಇಲ್ಲಿ ಸ್ಕೂಟರ್ ನಿಲ್ಲಿಸ್ಲಾ?" ನಾನು ಇತಿಹಾಸ ಕಲಿಸುವವಳು, ಅದೂ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಹೋಗಿಬನ್ನಿ ಎಂದು ಯಾವಾಗ ಬೇಕಾದರೂ ಹೇಳಿಸಿಕೊಳ್ಳಬಹುದಾದವಳು.

ಆ ವರ್ಷ ಹಾಗೆ ಹೇಳಿಸಿಕೊಳ್ಳುವ ಹೊತ್ತು ಬಂದೇಬಿಟ್ಟಿತ್ತು. ಕೊನೆಯ ದಿನ, ಶುಕ್ರವಾರ. ಎದುರಿನವರಿಗೆ ಸಂಜೆಯವರೆಗೂ ಸಮಯವಿದೆ; ನಮಗೆ ಮಾತ್ರ ಮಧ್ಯಾಹ್ನ ಹನ್ನೆರಡಕ್ಕೇ ಕಂಪ್ಯೂಟರಿನಲ್ಲಿ ಅಡ್ಮಿಷನ್ ಮುಚ್ಚುತ್ತದೆ. ಅಷ್ಟರೊಳಗೆ ಇನ್ನೊಬ್ಬರು ಸೇರದಿದ್ದರೆ ಇತಿಹಾಸಕ್ಕೆ ಬೀಗ, ನಾನು ಮನೆಗೆ. ಹೊಂಗೆ ಮರದ ಕೆಳಗೆ ಮೇಜು ಎಳೆದುಕೊಂಡು, ಕರಪತ್ರ ಜೋಡಿಸಿಟ್ಟು, ಬೀದಿಯನ್ನೇ ನೋಡುತ್ತ ಕೂತಿದ್ದೆ.

ಹತ್ತು ದಾಟಿ ಸ್ವಲ್ಪ ಹೊತ್ತಿಗೆ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ನೇರವಾಗಿ ನನ್ನತ್ತಲೇ ಬಂದರು. ಸಂತೋಷದಿಂದ ಎದ್ದೇ ನಿಂತೆ. ಅಜ್ಜಿ ಕೈಲಿದ್ದ ಭಾರದ ಚೀಲವನ್ನು ಕರಪತ್ರಗಳ ಮೇಲೆ ಧೊಪ್ಪೆಂದು ಇಟ್ಟು, "ಸ್ವಲ್ಪ ನೋಡ್ಕೊಳ್ಳಿ ಮೇಡಂ, ಇವ್ಳನ್ನ ಬಿಕಾಂಗೆ ಸೇರಿಸಿ ಬಂದ್ಬಿಡ್ತೀನಿ" ಎಂದವರೇ ಎದುರಿನ ಸಾಲಿಗೆ ಹೋಗೇಬಿಟ್ಟರು. ಚೀಲದಲ್ಲಿ ತೆಂಗಿನಕಾಯಿ, ಊದುಬತ್ತಿ, ಹುಡುಗಿಗೆಂದು ಕೊಂಡ ಹೊಸ ನೋಟ್‌ಬುಕ್ಕುಗಳು. ನನಗೆ ಮೈಯೆಲ್ಲ ಉರಿಯಿತು.

ಹತ್ತೂವರೆಗೆ ರಾಹುಕಾಲ ಹಿಡಿಯಿತು. ಹನ್ನೆರಡರವರೆಗೆ ಯಾವ ಹೊಸ ಕೆಲಸವೂ ಕೂಡದು. ಎದುರಿನ ಅರ್ಧ ಸಾಲು ಕಳಚಿಕೊಂಡು ನೆರಳು ಹುಡುಕುತ್ತ ನಮ್ಮ ಹೊಂಗೆ ಮರದ ಕೆಳಗೆ ಬಂದು ಕೂತಿತು. ಅಜ್ಜಿಯೂ ಮೊಮ್ಮಗಳೂ ಬಂದರು.

"ಅಜ್ಜಿ, ಈ ಚೀಲ ತೆಗೀತೀರಾ? ಇದು ಅಡ್ಮಿಷನ್ ಟೇಬಲ್ಲು."

"ಇರ್ಲಿ ಬಿಡಿ ಮೇಡಂ, ಯಾರೂ ಬರ್ತಿಲ್ವಲ್ಲ."

ಅದೇ ಹೊತ್ತಿಗೆ ನಮ್ಮ ಗುಮಾಸ್ತರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಮೇಡಂ, ಒಬ್ರಾದ್ರೂ ಸಿಕ್ಕಿದ್ರಾ? ಇಲ್ದಿದ್ರೆ ನಿಮ್ ಹಿಸ್ಟ್ರಿನೂ ಹೋಯ್ತು, ನೀವೂ ಹೋದ್ರಿ!"

ಕಾಂಪೌಂಡಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ನಾಚಿಕೆಯಾದಾಗ ಸುಮ್ಮನಿರುವ ಜಾಯಮಾನ ನನ್ನದಲ್ಲ. ಹುಡುಗಿಯ ಊರು ಕೇಳಿದೆ. ಮಾವಳ್ಳಿ ಎಂದಳು. ಸರಿ, ಎದ್ದು ನಿಂತು ಪಾಠ ಶುರು ಮಾಡಿಯೇಬಿಟ್ಟೆ. ಲಾಲ್‌ಬಾಗಿನ ಬಂಡೆ, ಅದರ ಮೇಲಿನ ಗೋಪುರ, ಹಳೆಯ ಪೇಟೆ, ಅದರ ಸುತ್ತಲಿದ್ದ ಕೋಟೆ, ಎಲ್ಲ ಬಂತು. ಮಾವಳ್ಳಿಯಲ್ಲಿ ಆಗ ಹೆಚ್ಚೇನೂ ಇರಲಿಲ್ಲ ಎಂದು ಬಾಯಿ ತಪ್ಪಿ ಹೇಳಿದೆ.

"ಏನೂ ಇರ್ಲಿಲ್ವಾ?" ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದರು. "ಪೂರಾ ನಮ್ಮೋರ ತರಕಾರಿ ತೋಟ! ನಮ್ ತಾತ ಬೆಳೆದಿದ್ ಸೊಪ್ಪು ಅರಮನೆಗೇ ಹೋಗ್ತಿತ್ತು!"

"ಯಾವ ಅರಮನೆಗೆ ಅಜ್ಜಿ? ಯಾರು ನೋಡಿದ್ರು?"

"ನಮ್ ತಾತನೇ ಹೇಳಿದ್ದು!"

"ತಾತ ಹೇಳಿದ್ರೆ ಆಯ್ತಾ? ಸಾಕ್ಷಿ ಬೇಡ್ವಾ?"

ಶುರುವಾಯಿತು ನೋಡಿ ಜಗಳ! ಮರದ ಕೆಳಗಿದ್ದವರು ಎರಡು ಪಕ್ಷವಾದರು. ಕಾಟನ್‌ಪೇಟೆಯಿಂದ ಬಂದಿದ್ದವರೊಬ್ಬರು ತಮ್ಮ ಅಂಗಡಿಯ ಚರಿತ್ರೆಯನ್ನೂ ತಂದು ಸೇರಿಸಿದರು. ಹುಡುಗಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಮೇಡಂ, ನಮ್ಮನೇಲಿ ಅಜ್ಜಿ ಮಾತಿಗೆ ಎದುರು ಮಾತಾಡೋಕೆ ಯಾರಿಗೂ ಧೈರ್ಯ ಇಲ್ಲ. ಇದಕ್ಕೂ ಡಿಗ್ರಿ ಕೊಡ್ತಾರಾ?"

"ಕೊಡ್ತಾರೆ. ಆದ್ರೆ ಅಜ್ಜಿ ಹೇಳಿದ್ದು ನಿಜ ಅಂತ ಗೊತ್ತಾದ್ರೆ ಅದನ್ನೂ ಒಪ್ಕೋಬೇಕು."

"ಅಜ್ಜಿ, ನಂಗೆ ಬಿಕಾಂ ಬೇಡ. ಲೆಕ್ಕ ಅಂದ್ರೆ ಅಳು ಬರುತ್ತೆ, ನಿಂಗೊತ್ತು. ನಂಗೆ ಇದೇ ಬೇಕು."

ಅಜ್ಜಿ ಅವಳ ಮುಖ ನೋಡಿದರು. "ಸೇರ್ಕೋ. ಹನ್ನೆರಡಾಗ್ಲಿ, ಸೈನ್ ಹಾಕ್ತೀನಿ."

ಗಡಿಯಾರದಲ್ಲಿ ಹನ್ನೆರಡಕ್ಕೆ ಕೆಲವೇ ನಿಮಿಷ. "ಅಜ್ಜಿ, ಹನ್ನೆರಡಕ್ಕೆ ಮುಚ್ಚಿಬಿಡ್ತಾರೆ! ಈಗ್ಲೇ ಹಾಕ್ಬೇಕು!"

"ರಾಹುಕಾಲದಲ್ಲಾ? ಸಾಧ್ಯಾನೇ ಇಲ್ಲ."

ಬೇಡಿಕೊಂಡೆ. ಕೈ ಮುಗಿದೆ. ಈ ಹುಡುಗಿಯನ್ನು ನನ್ನ ಮರದ ಕೆಳಗೆ ತಂದು ಕೂರಿಸಿದ ರಾಹುವೇ ಈಗ ಅವಳನ್ನು ಕಿತ್ತುಕೊಳ್ಳುತ್ತಾನಲ್ಲ ಎಂದು ಅಳುವೇ ಬಂತು. ಅಜ್ಜಿ ಜಗ್ಗಲಿಲ್ಲ. ಹುಡುಗಿಯ ಕಣ್ಣಲ್ಲೂ ನೀರು. ಅಜ್ಜಿ ನಮ್ಮಿಬ್ಬರನ್ನೂ ನೋಡಿದರು, ಆಮೇಲೆ ಮೇಜಿನ ಮೇಲಿದ್ದ ಚೀಲವನ್ನು ನೋಡಿದರು.

"ಮೇಡಂ, ಈ ಚೀಲ ನಾನಿಲ್ಲಿ ಇಟ್ಟಾಗ ರಾಹುಕಾಲ ಬಂದಿತ್ತಾ?"

"ಇಲ್ಲ ಅಜ್ಜಿ, ಇನ್ನೂ ಹತ್ತೂವರೆ ಆಗಿರ್ಲಿಲ್ಲ."

"ಊರಿಗೆ ಹೊರಡೋ ಹೊತ್ತು ಸರಿ ಇಲ್ಲಾಂದ್ರೆ ಏನ್ಮಾಡ್ತೀವಿ? ಮುಂಚೇನೇ ಚೀಲ ತಗೊಂಡ್ಹೋಗಿ ಪಕ್ಕದ ಮನೇಲಿ ಇಟ್ಬಿಡ್ತೀವಿ. ಚೀಲ ಹೊರಟ್ರೆ ನಾವೂ ಹೊರಟ ಹಾಗೆ. ಇವ್ಳ ನೋಟ್‌ಬುಕ್ಕು ಒಳ್ಳೇ ಹೊತ್ತಲ್ಲೇ ನಿಮ್ಮ ಟೇಬಲ್ ಮೇಲೆ ಬಂದು ಕೂತಿದೆ. ಇವ್ಳು ಆಗ್ಲೇ ಸೇರಾಗಿದೆ! ಎಲ್ಲಿ ಸೈನು?"

ಓಡಿದೆವು ನೋಡಿ! ಸರ್ಟಿಫಿಕೇಟು ಎದೆಗವಚಿಕೊಂಡು ಹುಡುಗಿ ಮುಂದೆ, ಅಜ್ಜಿಯ ಕೈ ಹಿಡಿದು ನಾನು ಹಿಂದೆ. ಮರದ ಕೆಳಗಿದ್ದವರೆಲ್ಲ "ಬೇಗ, ಬೇಗ" ಎಂದು ಕೂಗುತ್ತಿದ್ದರು. ಅಜ್ಜಿ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕುವಾಗ ನಾನು ಗಡಿಯಾರವನ್ನೇ ನೋಡುತ್ತ ನಿಂತೆ. ಗುಮಾಸ್ತರು ಗುಂಡಿ ಒತ್ತಿ, ಪರದೆ ನೋಡಿ, "ಹೋಯ್ತು" ಎಂದರು. ಅಯ್ಯೋ ಎಂದು ಕೂಗಿಯೇಬಿಟ್ಟೆ. "ಹೋಗಿ ಸೇರ್ತು ಮೇಡಂ!"

ಆ ವಯಸ್ಸಿನಲ್ಲಿ, ಸೀರೆಯುಟ್ಟುಕೊಂಡು, ಆಫೀಸಿನ ಮಧ್ಯೆ ಕುಣಿದುಬಿಟ್ಟೆ. ಹುಡುಗಿಯೂ ಕುಣಿದಳು.

ಮರದ ಕೆಳಗೆ ವಾಪಸು ಬಂದಾಗ ಅಜ್ಜಿ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದರು: "ನಿಮ್ ಕೆಲ್ಸ ಉಳೀತು ತಾನೇ?"

ತಲೆಯಾಡಿಸಿದೆ.

"ಹಾಗಾದ್ರೆ ಚೀಲ ತೆಗೀಲಾ? ಅಡ್ಮಿಷನ್ ಟೇಬಲ್ಲು ಅಂತಿದ್ರಿ."

"ಇರ್ಲಿ ಬಿಡಿ ಅಜ್ಜಿ," ಎಂದೆ.