ಎಂಜಿನ್ನಿನ ಮೇಲೆ ಚೆಲ್ಲಿದ ವಿಭೂತಿ

ಕಾರಿನಲ್ಲಿ ಸುಟ್ಟ ವಾಸನೆ ಮೊದಲು ಬಂದದ್ದು ನಾಸಿಕದಿಂದ ಹೊರಟು ಸಿನ್ನರ್ ದಾಟಿದ ಮೇಲೆ, ಟೋಲ್ ನಾಕಾದ ಸಾಲಿನಲ್ಲಿ ನಿಂತಾಗ. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಕೂಸು ಈಶ್ವರಿ ಮಲಗಿದ್ದಳು. ಎರಡೂ ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್. ಬಾಣಲೆಯ ಎಣ್ಣೆ ಉಕ್ಕಿ ಒಲೆಯ ಮೇಲೆ ಬಿದ್ದರೆ ಏಳುತ್ತದಲ್ಲ, ಅಂಥದೇ ಘಾಟು. ಕೂಸು ಕೆಮ್ಮಿತು. ಕಾರು ನಡೆಸುತ್ತಿದ್ದ ನನ್ನ ಸೊಸೆ ಸುಜಾತಾ ಗಾಜು ಇಳಿಸಿದಳು.

ಮೊಮ್ಮಕ್ಕಳೇ, ಸಾಗರ್, ಈಶ್ವರಿ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಾಸಿಕದಲ್ಲಿ ಬೆಳೆಯುವ ನಿಮಗೆ ಕನ್ನಡ ತಿಳಿಯುತ್ತದೆ, ಓದುವುದು ಕಷ್ಟ. ನಿಮ್ಮಮ್ಮ ಓದಿ ಹೇಳುತ್ತಾಳೆ. ನಮ್ಮ ಸೋಮವಾರದ ಭಜನೆಗೆ ಬರುವ ಅಕ್ಕಂದಿರೂ ಈ ಕಥೆ ಹೇಳೆಂದು ಕೇಳಿದ್ದರು. ನಾನು ಹಳ್ಳಿ ಶಾಲೆಯಲ್ಲಿ ಕಲಿತವಳು, ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುತ್ತೇನೆ. ಅದಕ್ಕೇ ಬರೆದು ಕೊಡುತ್ತೇನೆ ಎಂದೆ.

ಎರಡು ವರ್ಷದ ಹಿಂದಿನ ಮಾತು. ಆಗ ನಾವು ಸಂಭಾಜಿನಗರದಲ್ಲಿ, ಅಂದರೆ ಹಿಂದಿನ ಔರಂಗಾಬಾದಿನಲ್ಲಿ ಇದ್ದೆವು. ಈಶ್ವರಿ ಹುಟ್ಟಿದಾಗ ಅವಳ ಎರಡೂ ಪಾದ ಒಳಕ್ಕೆ ತಿರುಗಿದ್ದವು. ಹೆದರಬೇಡಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ತಿರುಗಿಸಿ ಪ್ಲಾಸ್ಟರ್ ಹಾಕಿದರೆ ನೆಟ್ಟಗಾಗುತ್ತವೆ, ಆದರೆ ವಾರ ತಪ್ಪಬಾರದು, ತಪ್ಪಿದರೆ ಪಾದ ಮತ್ತೆ ಒಳಕ್ಕೆ ಎಳೆಯುತ್ತದೆ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಎರಡನೆಯ ಪ್ಲಾಸ್ಟರ್ ಹಾಕಿದ್ದಷ್ಟೆ, ಬ್ಯಾಂಕಿನಲ್ಲಿದ್ದ ನನ್ನ ಮಗನಿಗೆ ನಾಸಿಕಕ್ಕೆ ವರ್ಗವಾಯಿತು. ಶುರು ಮಾಡಿದ ಕೈಯೇ ಮುಗಿಸಲಿ ಎಂದು ನಿಮ್ಮಪ್ಪ ಹೇಳಿದ. ನನಗೂ ಅದೇ ಸರಿ ಎನಿಸಿತು.

ಮೊದಲ ವಾರ ನಾಸಿಕದಿಂದ ಸಂಭಾಜಿನಗರಕ್ಕೆ ಬಸ್ಸಿನಲ್ಲಿ ಹೋದೆವು. ಗದ್ದಲದಲ್ಲಿ ಯಾರದೋ ಟ್ರಂಕು ತಗುಲಿ ಪ್ಲಾಸ್ಟರ್ ಬಿರುಕು ಬಿಟ್ಟಿತು. ಡಾಕ್ಟರು ಬೈದರು. ಹೊಸ ಶಾಖೆಯಲ್ಲಿ ನಿಮ್ಮಪ್ಪನಿಗೆ ರಜೆ ಸಿಗುತ್ತಿರಲಿಲ್ಲ. ಊರೊಳಗೆ ತರಕಾರಿಗೆ ಹೋಗಿ ಬರುವಷ್ಟೇ ಕಾರು ಕಲಿತಿದ್ದ ಸುಜಾತಾ, ನಾನೇ ನಡೆಸುತ್ತೇನೆ ಎಂದು ಹೊರಟಳು. ಆಗಲೇ ಈ ವಾಸನೆ ಶುರುವಾಯಿತು.

ಮೊದಲು ನಿಮ್ಮಪ್ಪ ತಪ್ಪನ್ನು ಅವಳ ಮೇಲೇ ಹಾಕಿದ. “ಕ್ಲಚ್ ಮ್ಯಾಲ ಕಾಲಿಟ್ಟೇ ಹೊಡೀತಿ, ಅದಕ್ಕೇ ಸುಡ್ತದ,” ಎಂದ. ಅವಳು ಮುಂದಿನ ವಾರ ಕಾಲು ಎಲ್ಲೆಲ್ಲಿ ಇಡುತ್ತಿದ್ದೇನೆಂದು ನೋಡಿಕೊಳ್ಳುತ್ತಲೇ ನಡೆಸಿದಳು. ವಾಸನೆ ಮತ್ತೆ ಬಂತು. ಇದು ಎಣ್ಣೆಯ ವಾಸನೆ ಎಂದು ನನ್ನ ಮೂಗಿಗೆ ಗೊತ್ತಿತ್ತು. ಮನೆಗೆ ಬಂದು ನಿಮ್ಮಪ್ಪನಿಗೆ ಅದನ್ನೇ ಹೇಳಿದೆ. ಅವನು ಬಗ್ಗಿ ನೋಡಿದರೆ ಎಂಜಿನ್ನಿನ ಕೆಳಭಾಗವೆಲ್ಲ ಎಣ್ಣೆ ಹಿಡಿದು ಕಪ್ಪಾಗಿತ್ತು.

ನಾಸಿಕದ ಗ್ಯಾರೇಜಿನಲ್ಲಿ ಕೆಳಗಿನ ಎಣ್ಣೆ ತೊಟ್ಟಿಯ ಸಂದಿ ಮುಚ್ಚುವ ಪ್ಯಾಕಿಂಗ್ ಬದಲಿಸಿದರು. ವಾಸನೆ ಹೋಗಲಿಲ್ಲ. ಮುಂದಿನ ಸಲ ಮೇಲಿನ ಮುಚ್ಚಳದ ಪ್ಯಾಕಿಂಗ್ ಬದಲಿಸಿದರು. ಆಗಲೂ ಹೋಗಲಿಲ್ಲ. ಎಣ್ಣೆ ಸೋರುವುದು ಒಂದು ಕಡೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಕೆಳಕ್ಕೆ ಬಳಿದು ಇಡೀ ಎಂಜಿನ್ನೇ ಸೋರಿದಂತೆ ಕಾಣಿಸುವುದು ಇನ್ನೊಂದು ಕಡೆ. ಕೊನೆಗೆ ಅವರು, ಟರ್ಬೋನೇ ಹೋಗಿರಬೇಕು, ತರಿಸಿ ಹಾಕಲು ಎರಡು ವಾರ ಕಾರು ಬಿಡಬೇಕು ಎಂದರು. ಟರ್ಬೋ ಎಂದರೆ ಎಂಜಿನ್ನು ಬಿಡುವ ಬಿಸಿ ಹೊಗೆಯಿಂದಲೇ ತಿರುಗಿ ಎಂಜಿನ್ನಿಗೆ ಗಾಳಿ ಊದುವ ಚಕ್ರ, ಕೆಂಡದಂತೆ ಕಾಯುತ್ತದೆ ಎಂದು ನಿಮ್ಮಪ್ಪ ನನಗೆ ತಿಳಿಸಿ ಹೇಳಿದ. ಅದರ ಮೇಲೆ ಎಣ್ಣೆ ಬಿದ್ದರೆ ಏನಾಗಬಹುದೆಂದು ಅವನು ಹೇಳಲಿಲ್ಲ.

ಅದನ್ನು ಆ ವಾರವೇ ನೋಡಿದೆವು. ಟೋಲ್ ದಾಟುತ್ತಿದ್ದಂತೆ ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಸುಜಾತಾ ಕಾರು ಬದಿಗೆ ನಿಲ್ಲಿಸಿ, ಕೂಸನ್ನು ನನ್ನ ಕೈಯಿಂದ ಕಸಿದುಕೊಂಡು ದೂರ ಓಡಿದಳು. ಬೆಂಕಿ ಹತ್ತಲಿಲ್ಲ, ಹೊಗೆ ತಾನಾಗಿ ನಿಂತಿತು. ರಸ್ತೆಯಂಚಿನ ಒಣಹುಲ್ಲಿನಲ್ಲಿ ನಿಂತು ಅವಳು ಅತ್ತಳು. “ಅತ್ತಿ, ನನ್ನ ಕೈಯಾಗೇ ಏನೋ ಅದರಿ. ಕೂಸಿನ ಕಾಲೂ ಹಿಂಗಾದ್ವು, ಕಾರೂ ಹಿಂಗಾತು.” ಹಾಗೆನ್ನಬೇಡ ತಾಯಿ ಎಂದೆ. ನಮ್ಮ ಮನೆದೇವರು ವೀರಭದ್ರನನ್ನು ಅಲ್ಲೇ ನೆನೆದೆ. ಬೆಂಕಿಯ ದೇವರು ನೀನು, ಈ ಬೆಂಕಿ ಹಿಡಿದಿಡು, ಕೂಸಿನ ಪಾದ ನೆಟ್ಟಗಾಗುವವರೆಗೆ ನಮ್ಮನ್ನು ಮುಟ್ಟಿಸು ಎಂದು ಬೇಡಿಕೊಂಡೆ. ಅಂದು ಮೆಲ್ಲಗೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದೆವು. ಮುಂದಿನ ವಾರ ಹಿಮ್ಮಡಿಯ ನರಕ್ಕೆ ಸಣ್ಣ ಕೊಯ್ತ ಹಾಕಿ ಕೊನೆಯ ಪ್ಲಾಸ್ಟರ್ ಹಾಕುತ್ತೇನೆ, ಆ ದಿನ ಮಾತ್ರ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಹಾಗಾಗಿ ಎರಡು ವಾರ ಕಾರನ್ನು ಗ್ಯಾರೇಜಿನಲ್ಲಿ ಬಿಡುವಂತಿರಲಿಲ್ಲ. ಸಿನ್ನರಿನಲ್ಲಿ ದತ್ತು ಎಂಬ ಮೆಕ್ಯಾನಿಕ್ ಇದ್ದಾನೆಂದು ಯಾರೋ ಹೇಳಿದರು. ಕೊನೆಯ ಪ್ಲಾಸ್ಟರಿನ ದಿನ, ಕಾರ್ತಿಕ ಸೋಮವಾರ, ಬೆಳಿಗ್ಗೆ ಬೇಗ ಹೊರಟು ದಾರಿಯಲ್ಲಿ ಅವನಲ್ಲಿಗೆ ಹೋದೆವು. ಅವನು ಎಂಜಿನ್ನನ್ನು ಚೆನ್ನಾಗಿ ತೊಳೆದು ಒಣಗಿಸಿದ. ಹಳೆ ರಸ್ತೆ ಹಿಡಿದು ನಿಧಾನ ಹೋಗಿ, ವಾಸನೆ ಬಂದ ಕೂಡಲೇ ನಿಲ್ಲಿಸಿ ಹೊಸ ಎಣ್ಣೆ ಎಲ್ಲಿ ಕಾಣುತ್ತದೋ ನೋಡಿ ಫೋನ್ ಮಾಡಿ ಎಂದ. ಅವನೂ ಸುಜಾತಾಳೂ ಒಳಗೆ ಮಾತಾಡುತ್ತಿದ್ದರು. ಬಾನೆಟ್ ತೆರೆದೇ ಇತ್ತು. ಊರಿನ ಗುಡಿಯಿಂದ ತಂದ ವಿಭೂತಿ ನನ್ನ ಚೀಲದಲ್ಲಿತ್ತು, ಪುಡಿ ಮಾಡಿ ಪೊಟ್ಟಣ ಕಟ್ಟಿದ್ದು. ಮೂರು ಬೆರಳಿನಿಂದ ಎಂಜಿನ್ನಿಗೆ ಹಚ್ಚೋಣವೆಂದು ಒಂದು ಕೈಯಲ್ಲಿ ಕೂಸನ್ನು ಹಿಡಿದು ಬಗ್ಗಿದೆ. ಕೂಸು ಕೊಸರಾಡಿತು, ಪೊಟ್ಟಣ ಕೈ ಜಾರಿ ಅಷ್ಟೂ ವಿಭೂತಿ ಪೈಪುಗಳ ಮೇಲೆಲ್ಲ ಚೆಲ್ಲಿತು.

ಸುಜಾತಾ ಬಂದು ನೋಡಿದವಳು, ಎಷ್ಟೋ ದಿನದ ಮೇಲೆ ನಕ್ಕಳು. “ಅತ್ತಿ, ಎಂಜಿನ್ನಿಗೂ ದೀಕ್ಷಾ ಕೊಟ್ರೇನ್ರಿ? ಇನ್ನ ಇದೂ ಸೋಮವಾರ ಒಪ್ಪತ್ತು ಮಾಡ್ತದ ನೋಡ್ರಿ.”

ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ದತ್ತು ಗಾಳಿ ಹೊಡೆದು ತೆಗೆಯಲು ನೋಡಿದ, ಅಷ್ಟರಲ್ಲಿ ಕರೆಂಟ್ ಹೋಗಿತ್ತು. ಹೊರಗೆ ಬಿದ್ದ ಬೂದಿಯಿಂದ ಏನೂ ಆಗದು, ಹೊರಡಿರಿ ಆಜಿ ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದ.

ಗಂಗಾಪುರ ಹತ್ತಿರವಾದಾಗ ವಾಸನೆ ಬಂತು. ಸುಜಾತಾ ಕಬ್ಬಿನ ಹಾಲಿನ ಅಂಗಡಿಯ ಬಳಿ ನಿಲ್ಲಿಸಿ ಬಾನೆಟ್ ಎತ್ತಿದಳು. ಬಗ್ಗಿ ನೋಡಿದಳು. ಆಮೇಲೆ ಮೆಲ್ಲಗೆ ಕರೆದಳು.

“ಅತ್ತಿ, ಇಲ್ಲಿ ಬರ್ರಿ. ನೋಡ್ರಿ.”

ಗಾಳಿಗೆ ಹಾರಿದ್ದು ಹಾರಿ, ವಿಭೂತಿ ಎಲ್ಲೆಡೆ ತೆಳ್ಳಗೆ ಉಳಿದಿತ್ತು. ಆ ಬಿಳುಪಿನಲ್ಲಿ ಒಂದೇ ಒಂದು ಕಪ್ಪು ಒದ್ದೆ ಗೆರೆ. ಟರ್ಬೋಗೆ ಎಣ್ಣೆ ಒಯ್ಯುವ, ಬೆರಳಿಗಿಂತ ಸಣ್ಣ ಪೈಪಿನ ಮೇಲ್ತುದಿಯ ಬೋಲ್ಟಿನಿಂದ ಹೊರಟು, ಪೈಪಿನ ಮಗ್ಗುಲಿಗೇ ಇಳಿದು, ಟರ್ಬೋದ ಮೇಲೆ ಮುಗಿದಿತ್ತು. ಯಾರೋ ಬೆರಳಿಟ್ಟು ತೋರಿಸಿದ ಹಾಗೆ.

ಸುಜಾತಾ ಫೋಟೋ ತೆಗೆದು ದತ್ತುಗೆ ಕಳಿಸಿದಳು. ಟರ್ಬೋಗೆ ಏನೂ ಆಗಿಲ್ಲ, ಆ ಬೋಲ್ಟಿನ ತಾಮ್ರದ ವಾಷರುಗಳು ಸವೆದಿವೆ, ಮುಟ್ಟಬೇಡಿ, ತಣ್ಣಗಾಗಲಿ ಎಂದ. ಊರೊಳಗೆ ಟ್ರ್ಯಾಕ್ಟರ್ ರಿಪೇರಿಯವನಲ್ಲಿ ಆ ಅಳತೆಯ ವಾಷರು ಸಿಕ್ಕಿತು. ದತ್ತು ಫೋನಿನಲ್ಲಿ ಹೇಳುತ್ತ ಹೋದ, ಆ ರಿಪೇರಿಯವನು ಬದಲಿಸಿದ. ಆಸ್ಪತ್ರೆ ಮುಟ್ಟಿದಾಗ ಡಾಕ್ಟರು ಊಟಕ್ಕೆ ಏಳುವವರಿದ್ದರು. ನಮ್ಮನ್ನು ಕಂಡು ಮತ್ತೆ ಕುಳಿತರು. ಹಿಮ್ಮಡಿಯ ಕೊಯ್ತವೂ ಕೊನೆಯ ಪ್ಲಾಸ್ಟರೂ ಆದವು.

ಬರುವಾಗ ಸಿನ್ನರಿನವರೆಗೂ ಸುಜಾತಾ ಮೂಗು ಎತ್ತಿ ಎತ್ತಿ ಮೂಸುತ್ತಿದ್ದಳು. ಕೂಸಿಗೆ ಥಂಡಿ ಆಗುತ್ತದೆ, ಗಾಜು ಏರಿಸವ್ವ ಎಂದೆ. ಏರಿಸಿದಳು. ಒಳಗೆ ಒದ್ದೆ ಪ್ಲಾಸ್ಟರಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ನಿಮ್ಮಪ್ಪ ಎಲ್ಲ ಕೇಳಿದ. ಮೊದಲು ಸುಜಾತಾಳಿಗೆ, ಕ್ಲಚ್ಚಿನ ಮಾತು ನಾನು ಆಡಬಾರದಿತ್ತು ಎಂದ. ಆಮೇಲೆ ನನ್ನ ಕಡೆ ತಿರುಗಿ ನಕ್ಕ. “ಅವ್ವಾ, ಯಾವ ಪುಡಿ ಬಿದ್ದಿದ್ರೂ ಹಂಗೇ ಕಾಣ್ತಿತ್ತು. ಗೋದಿಹಿಟ್ಟು ಬಿದ್ದಿದ್ರೂ.”

“ಗೋದಿಹಿಟ್ಟು ನಾ ಒಯ್ದಿರಲಿಲ್ಲಪ್ಪಾ,” ಎಂದೆ.

ಅವನ ಮಾತು ಸುಳ್ಳಲ್ಲ, ಮಕ್ಕಳೇ. ಯಾವ ಪುಡಿಯಾದರೂ ಎಣ್ಣೆಯನ್ನು ತೋರಿಸುತ್ತದೆ. ಆದರೆ ನಮ್ಮಲ್ಲಿ ಯಾರ ತಲೆಗೂ ಹೊಳೆಯದ ಪುಡಿಯನ್ನು, ಹೊಳೆಯದ ಜಾಗದಲ್ಲಿ, ಆ ದಿನವೇ ಚೆಲ್ಲಿಸಿದವನು ಯಾರು? ನಾನು ಬೆಂಕಿ ಹಿಡಿದಿಡು ಎಂದಷ್ಟೇ ಬೇಡಿದ್ದೆ. ಅವನು ಬೆಂಕಿಯ ಬೇರನ್ನೇ ತೋರಿಸಿದ. ಅಂದಿನಿಂದ ನನ್ನ ಬೇಡಿಕೆ ಬದಲಾಗಿದೆ. ಕಷ್ಟ ತೆಗೆ ಎನ್ನುವುದಿಲ್ಲ. ಎಲ್ಲಿಂದ ಸೋರುತ್ತಿದೆಯೋ ತೋರಿಸು, ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ ಎನ್ನುತ್ತೇನೆ.

ಈಶ್ವರೀ, ಈಗ ನೀನು ಮಧ್ಯಾಹ್ನ ಯಾರಿಗೂ ನಿದ್ದೆ ಮಾಡಗೊಡದೆ ನಡುಮನೆ ತುಂಬ ಧಪಧಪ ಓಡುತ್ತೀ. ಕೆಳಗಿನ ಮನೆಯವರು ಆಗಾಗ ಬಂದು, ಮಗುವನ್ನು ಸ್ವಲ್ಪ ಕೂರಿಸಿರಿ ಎನ್ನುತ್ತಾರೆ. ನಿಮ್ಮಮ್ಮ ಹೂಂ ಎಂದು ಕಳಿಸಿ ಬಾಗಿಲು ಹಾಕುತ್ತಾಳೆ. ಕೂರಿಸುವುದಿಲ್ಲ.