ಕೊಡೆ ರಿಪೇರಿಯವನ ದಾರಿ

ಆಗ ನನಗೆ ಐವತ್ತೈದು. ಹದಿನೆಂಟು ವರ್ಷದ ಹಿಂದಿನ ಮಾತು. ನರಸಿಂಹರಾಜಪುರದ ಒಂದು ಕಚೇರಿಯಲ್ಲಿ ಕಸ ಗುಡಿಸುತ್ತಿದ್ದೆ. ಅಲ್ಲಿ ನನ್ನನ್ನು ಅಕ್ಕ ಎನ್ನುತ್ತಿದ್ದವನು ಪಿಂಚಣಿ ಕೆಲಸಕ್ಕೆಂದು ಬರುತ್ತಿದ್ದ ಕೊಡೆ ರಿಪೇರಿಯವನೊಬ್ಬನೇ. ಅವನಿಗೆ ಎರಡೂ ಕಾಲಿನಲ್ಲಿ ಶಕ್ತಿ ಇರಲಿಲ್ಲ. ಜವಾನರು ಎತ್ತಿಕೊಂಡು ಹೋಗಲು ಬಂದರೆ, "ನಾನೆಂತ ಅಕ್ಕಿ ಮೂಟೆಯಾ ಮಾರಾಯ್ರೆ? ದಾರಿ ಮಾಡಿ, ನಾನೇ ಬರ್ತೀನಿ" ಎಂದು ಮೆಟ್ಟಿಲ ಕೆಳಗೇ ಇರುತ್ತಿದ್ದ. ಎರಡು ವರ್ಷ ಹಾಗೇ ಹಟ ಹಿಡಿದ ಮೇಲೆ ಮೆಟ್ಟಿಲ ಪಕ್ಕ ಸಿಮೆಂಟಿನ ಇಳಿಜಾರು ಕಟ್ಟಿದರು.

ಮೊದಲ ದಿನ ಅವನ ಗಾಲಿಕುರ್ಚಿ ಅರ್ಧಕ್ಕೇ ನಿಂತಿತು. ನಾನು ತಳ್ಳಲು ಹೋದೆ.

"ಕೈ ತೆಗಿ ಅಕ್ಕ."

ಬೆವರು ಸುರಿಸಿಕೊಂಡು ಒಬ್ಬನೇ ಮೇಲೆ ಬಂದ. ತಿರುಗಿ ನೋಡಿ, "ಇಲ್ಲಿಂದ ರಸ್ತೆ ಹೀಗೆ ಕಾಣ್ತದಾ!" ಎಂದ.

ಆ ಮಳೆಗಾಲದಲ್ಲೇ ತೀರಿಕೊಂಡ. ಸುದ್ದಿ ಕೇಳಿ ನಾನು ಅಳಲಿಲ್ಲ. ಇಳಿಜಾರಿಗೆ ಪಾಚಿ ಕಟ್ಟಿತ್ತು. ಮಾರನೇ ಬೆಳಿಗ್ಗೆ ಮಂಡಿಯೂರಿ ಅದನ್ನು ಮೇಲಿನಿಂದ ಕೆಳಗಿನವರೆಗೂ ತಿಕ್ಕಿ ತೊಳೆದೆ.