ರಬಕವಿಯ ಗುರುಬಸವ್ವ ಮತ್ತು ಗಂಡಸರ ಸೂಜಿ

ರಬಕವಿಯ ಗುರುಬಸವ್ವ ಯಾರನ್ನೂ ನಂಬುವವಳಲ್ಲ. ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ. ಹೊಸ ಬಣ್ಣ ಬಂದರೆ ಮೊದಲು ಒಂದೇ ಲಡಿ ನೂಲು ಅದ್ದಿ, ಒಣಗಿಸಿ, ಒದ್ದೆ ಬಟ್ಟೆಯಿಂದ ತಿಕ್ಕಿ ನೋಡಬೇಕು, ಉಳಿದದ್ದು ಆಮೇಲೆ. ಗಂಡ ಶಂಕರೆಪ್ಪ ತಂದ ಬದನೆಕಾಯಿಗೂ ಇದೇ ಪರೀಕ್ಷೆ. ಶಂಕರೆಪ್ಪನನ್ನು ಮಾತ್ರ ಹೇಗೆ ಪರೀಕ್ಷೆಯಿಲ್ಲದೆ ಒಪ್ಪಿಕೊಂಡಳೋ ನನಗೆ ತಿಳಿಯದು.

ಎಂಬತ್ತೇಳನೆಯ ಇಸವಿಯಲ್ಲಿ ಜಮಖಂಡಿಯ ನನ್ನ ಔಷಧಿ ಅಂಗಡಿಗೆ ಚೀಟಿ ಹಿಡಿದು ಬಂದಳು. ಓದಿ ನೋಡಿದರೆ ಗಂಡಸರಿಗೆ ಹಾಕುವ ಹಾರ್ಮೋನ್ ಸೂಜಿ.

"ಶಂಕರೆಪ್ಪನವರಿಗೇನ್ರಿ?" ಎಂದೆ, ದನಿ ತಗ್ಗಿಸಿ.

"ಅವರಿಗ್ಯಾಕ? ನನಗ."

ನಾನು ಚೀಟಿಯನ್ನು ಬೆಳಕಿಗೆ ಹಿಡಿದೆ. ಅವಳು ನಾನು ಕೊಟ್ಟ ಗಾಜಿನ ಕುಪ್ಪಿಯನ್ನು ಬೆಳಕಿಗೆ ಹಿಡಿದಳು.

"ಹಂಗ್ಯಾಕ ನೋಡ್ತೀರಿ ಸಾವಕಾರ್ರ? ಮುಟ್ಟು ನಿಂತು ಮೂರು ವರ್ಷ ಆತು. ಅವತ್ತಿನಿಂದ ಇವರು ಹತ್ತರ ಬಂದ್ರ ಬಣ್ಣದ ಹಂಡೆ ತಿಕ್ಕೂದು ಉಳದೈತಿ ಅನ್ನಸ್ತೈತಿ. ಮನಸ ಬರವಲ್ದು. ಅವರು ಏನೂ ಅನ್ನಂಗಿಲ್ಲ, ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾರ. ಅದು ನನಗ ಸೇರಂಗಿಲ್ಲ. ಹೆಂಗಸರ ಮೈಯಾಗೂ ಇದು ಒಂದೀಟು ಇರ್ತೈತಂತ, ಡಾಕ್ಟರಬಾಯಿ ಹೇಳ್ಯಾರ. ನಾಲ್ಕರಾಗ ಒಂದು ಪಾಲು ಅಷ್ಟ ಹಾಕಬೇಕಂತ. ಹೆಚ್ಚಾದ್ರ ದನಿ ಒಡಿತೈತಿ. ಸೋಮವಾರ ಮಠದಾಗ ಹಾಡು ಎತ್ತಾಕಿ ನಾನ. ದನಿ ಹೋಗೂದಿದ್ರ ನಾ ಒಲ್ಲೆ."

ನಮ್ಮ ಮನೆಯವಳು ಹಿಂದೆ ನರ್ಸ್ ಆಗಿದ್ದವಳು; ಪರದೆಯ ಹಿಂದೆ ಸೂಜಿ ಹಾಕುವವಳು ಅವಳೇ. ನಾನು ಸುಮ್ಮನಿರಬೇಕಿತ್ತು. ಅಂಗಡಿಯವನ ಬಾಯಿ.

"ಕುಪ್ಪಿ ಒಡೆದ ಮ್ಯಾಲೆ ಇಡಾಕ ಬರಂಗಿಲ್ರಿ. ಮೂರು ಪಾಲು ಚೆಲ್ಲೂದೇನು? ಡಾಕ್ಟರು ಹೆದರಿ ಕಡಿಮಿ ಬರದಿರ್ತಾರ."

ಬಣ್ಣದ ಮನೆಯಲ್ಲಿ ಹಂಡೆಯ ತಳದ ಬಣ್ಣವನ್ನೂ ಚೆಲ್ಲುವುದಿಲ್ಲ. ಇನ್ನೊಂದು ಲಡಿ ಅದ್ದಿ ತಿಳಿ ಬಣ್ಣ ತೆಗೆಯುತ್ತಾರೆ. ಗುರುಬಸವ್ವ ಕುಪ್ಪಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಜನ್ಮದಲ್ಲಿ ಒಂದೇ ಒಂದು ಮಾತು ನಂಬಿದಳು, ಅದು ನನ್ನದು. ಅಂದಿನಿಂದ ತಿಂಗಳಿಗೊಮ್ಮೆ ಬಂದು ಇಡೀ ಕುಪ್ಪಿ ಹಾಕಿಸಿಕೊಂಡಳು.

ಎರಡನೆಯ ತಿಂಗಳು ಶಂಕರೆಪ್ಪ ಅಂಗಡಿಗೆ ಬಂದು, ಏನೂ ಕೊಳ್ಳದೆ, ಕಾರಣವಿಲ್ಲದೆ ನಕ್ಕು ಹೋದ. ನಾನೂ ಬೀಗಿದೆ.

ನಾಲ್ಕನೆಯ ತಿಂಗಳು ಬೆನ್ನ ಹಿಂದೆ ಯಾರೋ ಗಂಡಸು "ಸಾವಕಾರ್ರ" ಅಂದಂತಾಯಿತು. ತಿರುಗಿದರೆ ಗುರುಬಸವ್ವ.

"ಮೊನ್ನಿ ಸೋಮವಾರ ಮ್ಯಾಲಿನ ದನಿ ಏರಲಿಲ್ಲ. ಡಾಕ್ಟರಬಾಯಿ ಎಷ್ಟು ಹಾಕಿಸಿದಿ ಅಂತ ಕೇಳಿದ್ರು. ನೀವು ಹೇಳಿದ್ದು ಅಂತ ಹೇಳಾಕ ನಾಚಿಕಿ ಆತು. ನಡೀರಿ, ನೀವ ಹೇಳ್ರಿ."

ಅಂಗಡಿ ಮುಚ್ಚಿ ಹೋದೆ. ಹೇಳಿದೆ. ಡಾಕ್ಟರಬಾಯಿ ನನಗೆ ಕೂತುಕೊಳ್ಳಿ ಎನ್ನಲಿಲ್ಲ. ಸೂಜಿ ನಿಲ್ಲಿಸಿದರು, ಒಡೆದ ದನಿ ಪೂರಾ ತಿರುಗಿ ಬರುವುದಿಲ್ಲ ಎಂದರು. ಗುರುಬಸವ್ವ ಸೆರಗಿನ ಅಂಚನ್ನು ಬೆರಳಿನಿಂದ ತಿಕ್ಕುತ್ತ ಕೂತಿದ್ದಳು, ಬಣ್ಣ ಬಿಡುತ್ತದೋ ಏನೋ ಎಂಬಂತೆ.

ಮುಂದಿನ ಸೋಮವಾರ ನಾನೂ ಮಠಕ್ಕೆ ಹೋಗಿ ಕಂಬದ ಮರೆಗೆ ಕೂತೆ. ಅವಳು ತಗ್ಗಿನಲ್ಲೇ ಹಾಡು ಎತ್ತಿದಳು. ಉಳಿದ ಹೆಂಗಸರು ರೂಢಿಯಂತೆ ಮೇಲೆ ಹೋದರು, ಅಲ್ಲಿ ಅವಳಿಲ್ಲದ್ದು ಕಂಡು ಒಬ್ಬೊಬ್ಬರೇ ಇಳಿದು ಅವಳ ದನಿಗೆ ಬಂದು ಕೂಡಿದರು. ಪಕ್ಕದಲ್ಲಿ ತಾಳ ಹಾಕುತ್ತಿದ್ದ ಶಂಕರೆಪ್ಪ ಲಯ ಬಿಡಲಿಲ್ಲ. ಅವನು ಈಗ ಯಾವ ಕಡೆ ಮಾರಿ ಮಾಡಿ ಮಲಗುತ್ತಾನೆ ಎಂದು ಕೇಳುವ ಧೈರ್ಯ ನನಗಿಲ್ಲ.

ಔಷಧಕ್ಕೆ ಅವಳು ಇವತ್ತಿಗೂ ನನ್ನ ಅಂಗಡಿಗೇ ಬರುತ್ತಾಳೆ. ಆದರೆ ಕೆಮ್ಮಿನ ಔಷಧಿಯಾದರೂ ಮೊದಲ ಚಮಚ ನನಗೆ ಕುಡಿಸಿ, ಬಸ್ಸು ಬರುವ ತನಕ ನನ್ನ ಮಾರಿ ನೋಡುತ್ತ ಕೂರುತ್ತಾಳೆ.

"ಒಂದು ಲಡಿ ಅದ್ದಿ ನೋಡಬೇಕಲ್ರಿ," ಅನ್ನುತ್ತಾಳೆ, ಆ ದಪ್ಪ ದನಿಯಲ್ಲಿ.